ಗಂಗುಲತ್ತೆಯ ಎಡಸೊಂಟದ ಮೂಳೆ

ನನ್ನ ಯಜಮಾನರು ಜಯಚಂದ್ರ ಅವರಿಗೆ ಯಾರ ಮಾತಿಗೂ ಇಲ್ಲ ಎನ್ನಲು ಬರುವುದಿಲ್ಲ. ಹಿಂದೂಪುರದಲ್ಲಿ ಇದನ್ನು ಎಲ್ಲರೂ ಒಳ್ಳೆಯ ಗುಣವೆಂದೇ ಹೇಳುತ್ತಾರೆ. ಅವರ ಜೊತೆ ಸಂಸಾರ ಮಾಡಿದವಳು ನಾನೊಬ್ಬಳೇ ಆದ್ದರಿಂದ ನನ್ನ ಅಭಿಪ್ರಾಯ ಅಲ್ಪಸಂಖ್ಯಾತರ ಅಭಿಪ್ರಾಯ. ಅವರು ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೂಕದ ಗುಮಾಸ್ತರು. ಗೂಡು ಚೆನ್ನಾಗಿ ಒಣಗಿದೆ ಎಂದು ರೈತ ಹೇಳಿದರೆ ಹೌದೆನ್ನುತ್ತಾರೆ. ಇನ್ನೂ ಹಸಿ ಇದೆ ಎಂದು ಕೊಳ್ಳುವವನು ಹೇಳಿದರೆ ಅದಕ್ಕೂ ಹೌದೆನ್ನುತ್ತಾರೆ. ಇಬ್ಬರೂ ಜಗಳಕ್ಕೆ ನಿಂತಾಗ ಇವರು ಟೀ ಕುಡಿಯಲು ಹೋಗಿರುತ್ತಾರೆ.

ನಮ್ಮ ಮಗಳು ತ್ರಿವೇಣಿ ಊರಿನ ಒಂದು ಕಾಲೇಜಿನಲ್ಲಿ ಫಿಸಿಯೋಥೆರಪಿ ಮೊದಲ ವರ್ಷ ಓದುತ್ತಿದ್ದಳು. ಕಲ್ಯಾಣದುರ್ಗದಲ್ಲಿರುವ ನನ್ನ ಮಾವ ಮುತ್ಯಾಲಪ್ಪನವರು ಒಂದು ಷರತ್ತಿನ ಮೇಲೆ ಇದಕ್ಕೆ ಒಪ್ಪಿದ್ದರು. ಒಂದೇ ಒಂದು ಸಲ ಫೇಲಾದರೂ ಸಾಕು, ಓದು ಬಿಡಿಸಿ, ತಾವು ನೋಡಿಟ್ಟಿದ್ದ ಬೆಳುಗುಪ್ಪದ ನರೇಶನಿಗೆ ಕೊಟ್ಟು ಮದುವೆ. ನನ್ನ ಯಜಮಾನರು ಇದಕ್ಕೂ ಹೌದೆಂದಿದ್ದರು. ಮೂಳೆಗಳ ಪ್ರಾಕ್ಟಿಕಲ್ ಪರೀಕ್ಷೆ ಗುರುವಾರ ಇತ್ತು.

ಅವರ ಕಾಲೇಜಿನಲ್ಲಿ ಒಂದು ಪದ್ಧತಿ. ಪಾಸಾದ ಹಿರಿಯರು ತಾವು ಓದಿದ ಮೂಳೆಗಳನ್ನು ಕಿರಿಯರಿಗೆ ಮಾರಿ ಹೋಗುತ್ತಾರೆ. ತ್ರಿವೇಣಿಗೆ ಸಿಕ್ಕಿದ್ದು ಎಡಸೊಂಟದ ಒಂದು ಮೂಳೆ. ಮೊದಲ ದಿನ ನಾನು ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ಆಮೇಲೆ ಅಭ್ಯಾಸವಾಯಿತು. ಅದೂ ಒಂದು ಆಕಾರ ಅಷ್ಟೇ. ಮೇಲೆ ಬೀಸಣಿಗೆಯ ಹಾಗೆ ಅಗಲ, ನಡುವೆ ಒಂದು ಬಟ್ಟಲು, ಕೆಳಗೆ ದೊಡ್ಡದೊಂದು ತೂತು.

ಭಾನುವಾರ ಬೆಳಿಗ್ಗೆ ತ್ರಿವೇಣಿ ಅದಕ್ಕೆ ಬಣ್ಣ ಹಚ್ಚಿದಳು. ಸ್ನಾಯು ಹುಟ್ಟುವ ಜಾಗಕ್ಕೆ ಕೆಂಪು, ಹೋಗಿ ಸೇರುವ ಜಾಗಕ್ಕೆ ನೀಲಿ. ಇದು ಅವರ ಪುಸ್ತಕದ ಕ್ರಮ. ತೊಡೆಯ ಸ್ನಾಯುಗಳು ಬಹುಪಾಲು ಸೊಂಟದ ಮೂಳೆಯಲ್ಲಿ ಹುಟ್ಟಿ ಕೆಳಗೆ ಹೋಗಿ ಸೇರುತ್ತವಂತೆ, ಹಾಗಾಗಿ ಕೆಂಪೇ ಜಾಸ್ತಿ. ಕೆಂಪಿಗೆ ನನ್ನ ನೈಲ್ ಪಾಲಿಶ್ ಬಳಸಿದಳು. ಒಣಗಲಿ ಎಂದು ಮಹಡಿಯ ಮೇಲೆ, ಮನೆ ಓನರಮ್ಮ ರಂಗಲಕ್ಷ್ಮಮ್ಮನವರು ಹರವಿದ್ದ ಸಂಡಿಗೆಯ ಪಕ್ಕ ಇಟ್ಟು ಬಂದಳು.

ರಂಗಲಕ್ಷ್ಮಮ್ಮ ಕಾಗೆ ಓಡಿಸಲು ಮೇಲೆ ಹೋದರು. ಅವರ ಕೂಗು ಕೇಳಿ ಕಾಗೆಗಳ ಜೊತೆ ಬೀದಿಯ ನಾಯಿಗಳೂ ಓಡಿದವು.

"ಅಯ್ಯೋ ದೇವುಡಾ! ಮೂಳೆಗೆ ಕುಂಕುಮ ಇಟ್ಟವ್ರೆ ಬರ್ರೀ! ನಮ್ ಮನೆಗೆ ಮಾಟ ಮಾಡಿಸವ್ರೆ!"

ಅವರ ಗಂಡ ವೆಂಕಟರಾಯಪ್ಪ ನಿವೃತ್ತ ಬಸ್ ಕಂಡಕ್ಟರು. ಟಿಕೆಟ್ ನೋಡದೆ ಇವತ್ತಿಗೂ ಯಾರನ್ನೂ ನಂಬುವುದಿಲ್ಲ. ನಾವು ಮೇಲೆ ಹೋಗುವಷ್ಟರಲ್ಲಿ ಅವರು ಒಂದು ಕೋಲಿನಿಂದ ಮೂಳೆಯನ್ನು ಮಗುಚಿ ನೋಡುತ್ತಿದ್ದರು.

"ಏನಯ್ಯ ಜಯಚಂದ್ರ ಇದು?"

"ಮೂಳೆ ಸಾರ್."

"ಅದು ನಂಗೂ ಕಾಣ್ತದೆ. ಯಾತರ ಮೂಳೆ?"

ನನ್ನ ಯಜಮಾನರು ಎಲ್ಲರ ಮುಖ ನೋಡಿದರು. ಯಾವ ಉತ್ತರದಿಂದ ಎಲ್ಲರಿಗೂ ಸಮಾಧಾನವಾದೀತು ಎಂದು ಹುಡುಕುವುದು ಅವರ ರೂಢಿ. "ಕುರೀದು ಸಾರ್" ಎಂದರು.

"ಕುರೀದಾ? ಇಷ್ಟಗಲ ಸೊಂಟ ಇರೋ ಕುರೀನ ನೀನ್ ಎಲ್ಲಿ ನೋಡಿದ್ಯಪ್ಪ? ನಾವೂ ತಿಂದೋರೇ ಕಣಯ್ಯ."

"ಅಂಗಾದ್ರೆ ಪ್ಲಾಸ್ಟಿಕ್ಕು ಸಾರ್."

"ಅಂಗಾದ್ರೆ ಅಂದ್ರೇನಯ್ಯ?"

ರಂಗಲಕ್ಷ್ಮಮ್ಮ ದೂರದಿಂದಲೇ ಬೆರಳು ತೋರಿಸಿದರು. "ನೋಡ್ರಿ, ಈ ಗುಂಡಿ ಎಣ್ಣೆ ಹಾಕಿ ದೀಪ ಹಚ್ಚಾಕೆ. ಈ ತೂತು ದಾರ ಕಟ್ಟಿ ನಮ್ ಬಾಗ್ಲಿಗೆ ನೇತಾಕಾಕೆ. ಎಲ್ಲಾ ಗೊತ್ತು ನಂಗೆ."

"ಆಂಟಿ, ಅದು ಅಸಿಟ್ಯಾಬುಲಮ್" ಎಂದು ತ್ರಿವೇಣಿ ಮುಂದೆ ಬಂದಳು. "ತೊಡೆ ಮೂಳೆ ಕೂತ್ಕೊಳ್ಳೋ ಬಟ್ಟಲು. ತೂತಿಗೆ ಆಬ್ಚುರೇಟರ್ ಫೊರಾಮೆನ್ ಅಂತಾರೆ. ಇಲ್ಲಿ ಕೆಂಪು ಇದೆಯಲ್ಲ, ಇಲ್ಲಿಂದ ಸಾರ್ಟೋರಿಯಸ್—"

"ಕೇಳುದ್ರಾ? ಮಂತ್ರ ಹೇಳ್ತಾವ್ಳೆ! ಹಗಲೊತ್ತಲ್ಲೇ ಹೇಳ್ತಾವ್ಳೆ!"

ಕೆಳಗೆ ಜನ ಸೇರಿದ್ದರು. ವೆಂಕಟರಾಯಪ್ಪ ಕೋಲನ್ನು ನನ್ನ ಯಜಮಾನರ ಕಡೆಗೆ ತಿರುಗಿಸಿ, "ಕೊನೇ ಸಲ ಕೇಳ್ತೀನಿ, ಮನುಷ್ಯರದು ತಾನೆ? ಯಾರ್ದು?" ಎಂದರು.

ಆಗ ನನ್ನ ಯಜಮಾನರು ಆ ಮಾತು ಹೇಳಿದರು. "ಬೇರೆಯೋರ್ದಲ್ಲ ಬುಡಿ ಸಾರ್. ನಮ್ಮೋರ್ದೇ."

ವೆಂಕಟರಾಯಪ್ಪ ಕೋಲು ಕೆಳಗಿಳಿಸಿದರು. "ನಿಮ್ಮೋರ್ದು ಅಂದ್ರೆ, ಅಸ್ತಿನಾ?"

"ಹೂಂ ಸಾರ್. ಅಸ್ತಿ. ನೀರಿಗೆ ಬಿಡಾದು ಒಂದು ತಡ ಆಗೋಗದೆ."

ರಂಗಲಕ್ಷ್ಮಮ್ಮ ಕಾಲಲ್ಲಿದ್ದ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಮೂಳೆಗೆ ಕೈಮುಗಿದರು. ಎರಡು ನಿಮಿಷದ ಹಿಂದೆ ನಮ್ಮ ಮೇಲೆ ಪೊಲೀಸರನ್ನು ಕರೆಯಲಿದ್ದವರ ಕಣ್ಣಲ್ಲಿ ನೀರು ಬಂತು. ಅವರ ಗಂಡನ ಕಣ್ಣಿನಲ್ಲಿ ಬರಲಿಲ್ಲ. "ಅಸ್ತೀನ ಬಾಡಿಗೆ ಮನೇಲಿ ಇಡ್ತಾರೇನಯ್ಯ? ಇವತ್ತೇ ನಿಮ್ಮೂರಿಗೆ ತಗೊಂಡೋಗಿ ಮಣ್ಣು ಮಾಡು. ಸೂತಕ ಕಳ್ಕೊಂಡು ಬರಂಗಿದ್ರೆ ಬಾ. ಇಲ್ದಿದ್ರೆ ಮನೆ ಖಾಲಿ ಮಾಡು. ನಿಮ್ಮಪ್ಪನ ಫೋನ್ ನಂಬರ್ ಕೊಡಿಲ್ಲಿ."

ಕೊಡುವುದಿಲ್ಲ ಎನ್ನಬಹುದಿತ್ತು. ನನ್ನ ಯಜಮಾನರು ಕೊಟ್ಟರು. ಮಾವನವರದೂ ಕೊಟ್ಟರು, ಅದು ಹತ್ತದಿದ್ದರೆ ಇರಲಿ ಎಂದು ಅತ್ತೆಯವರದೂ ಕೊಟ್ಟರು.

ಮೂಳೆಯನ್ನು ಬಿಳಿ ಪಂಚೆಯಲ್ಲಿ ಸುತ್ತಿಕೊಂಡು ಹೊರಟೆವು. ಬಸ್ಸಿನಲ್ಲಿ ಪಕ್ಕದವನು ಮಡಿಲಲ್ಲಿರುವುದೇನು ಎಂದು ಕೇಳಿದ, ಇವರು ಹೇಳಿದರು. ಮುಂದಿನ ಸ್ಟಾಪಿನೊಳಗೆ ನಮ್ಮ ಹಿಂದಿನ ಸೀಟು, ಮುಂದಿನ ಸೀಟು ಎರಡೂ ಖಾಲಿಯಾದವು. ಮದುವೆಯಾಗಿ ಇಷ್ಟು ವರ್ಷದಲ್ಲಿ ಕಲ್ಯಾಣದುರ್ಗಕ್ಕೆ ನಾವು ಅಷ್ಟು ಆರಾಮವಾಗಿ ಕಾಲು ಚಾಚಿ ಹೋದದ್ದಿಲ್ಲ.

ವೆಂಕಟರಾಯಪ್ಪನವರ ಫೋನು ನಮಗಿಂತ ಮೊದಲೇ ತಲುಪಿತ್ತು. ಮಾವನವರ ಮನೆ ಮುಂದೆ ಆಗಲೇ ಬೆಂಕಿ ಹಾಕಿ, ಜನ ಕೂತಿದ್ದರು. ಮಧ್ಯದಲ್ಲಿ ಬೋರಪ್ಪ. ನಮ್ಮ ಜನರಲ್ಲಿ ಸಾವು, ಮದುವೆ, ಮೈನೆರೆದದ್ದು, ಏನೇ ಆದರೂ ಶಾಸ್ತ್ರ ಹೇಳುವ ಹಿರಿಯ ಅವರು. ಮಾವನವರು ಮಗನನ್ನು ಹಿತ್ತಿಲಿಗೆ ಎಳೆದುಕೊಂಡು ಹೋದರು. ನಾವೂ ಹಿಂದೆ ಹೋದೆವು.

"ಯಾರ್ಲಾ ಸತ್ತಿರೋದು ನಮ್ಮನೇಲಿ, ನಂಗೇ ಗೊತ್ತಿಲ್ದಂಗೆ?"

"ಯಾರೂ ಇಲ್ಲ ತಾತ" ಎಂದಳು ತ್ರಿವೇಣಿ. "ಸೀನಿಯರ್ ಹತ್ರ ನಾನು ದುಡ್ಡು ಕೊಟ್ಟು ತಗೊಂಡಿದ್ದು. ಪರೀಕ್ಷೆಗೆ."

ಮಾವನವರು ಅಂಗಳದ ಕಡೆ ನೋಡಿ ದನಿ ತಗ್ಗಿಸಿದರು. "ಹೆಣ್ಣುಡುಗಿ ದುಡ್ಡು ಕೊಟ್ಟು ಹೆಣ ತಂದ್ಬುಟ್ಳು ಅಂತ ಬೆಳುಗುಪ್ಪದೋರ್ಗೆ ಗೊತ್ತಾದ್ರೆ ಏನ್ಲಾ ಗತಿ? ಅದ್ಕಿಂತ ನಮ್ಮೋರೇ ಯಾರೋ ಸತ್ರು ಅನ್ನಾದು ಎಷ್ಟೋ ಮರ್ವಾದೆ. ಬಾಯ್ ಮುಚ್ಕೊಂಡಿರು ತಾಯಿ."

ಹೀಗೆ ಮರ್ಯಾದೆಯ ದೃಷ್ಟಿಯಿಂದ ನಮ್ಮ ಮನೆಯಲ್ಲಿ ಒಬ್ಬರು ಸತ್ತರು. ಯಾರು ಎಂಬುದೊಂದು ಉಳಿದಿತ್ತು.

ಬೋರಪ್ಪ ಅಂಗಳದಲ್ಲಿ ವಿಚಾರಣೆ ಶುರು ಮಾಡಿದರು. "ಗಂಡೋ ಹೆಣ್ಣೋ?"

ಎಲ್ಲರೂ ಮೂಳೆಯನ್ನು ನೋಡಿದರು, ಅದೇ ಹೇಳಲಿ ಎಂಬಂತೆ. ತ್ರಿವೇಣಿಗೆ ತಡೆಯಲಾಗಲಿಲ್ಲ. ಗೊತ್ತಿರುವ ಪ್ರಶ್ನೆ ಬಂದರೆ ಸುಮ್ಮನಿರುವುದು ಆ ವಯಸ್ಸಿಗೆ ಕಷ್ಟ. "ಹೆಣ್ಣು. ಇಲ್ಲಿ ಹಿಂದುಗಡೆ ಈ ಕಚ್ಚು ನೋಡಿ, ಎಷ್ಟು ಅಗಲ ಇದೆ. ಗಂಡಸರದು ಕಿರಿದಾಗಿರುತ್ತೆ."

"ಹೆಣ್ಣು" ಎಂದು ಅಂಗಳವೆಲ್ಲ ಉಸಿರು ಬಿಟ್ಟಿತು. ನನ್ನ ಅತ್ತೆ ರಾಮಾಂಜಿನಮ್ಮ ತಕ್ಷಣ, "ಮುತ್ತೈದೆನಾ ಏನಮ್ಮ? ಅದೂ ಗೊತ್ತಾಗ್ತದಾ?" ಎಂದು ಕೇಳಿದರು. ಅದು ಮೂಳೆಯಲ್ಲಿ ಗೊತ್ತಾಗುವುದಿಲ್ಲ ಎಂದಳು ತ್ರಿವೇಣಿ. ಇಷ್ಟು ದೊಡ್ಡ ಓದಿನಲ್ಲಿ ಅಷ್ಟೂ ಹೇಳಿಕೊಡದಿದ್ದರೆ ಹೇಗೆ ಎಂದು ಅತ್ತೆಯವರು ಬೇಸರಪಟ್ಟರು.

"ಮನೆ ಹೆಂಗಸು ಅಂದ್ಮೇಲೆ ಹನ್ನೊಂದು ದಿನ ಸೂತಕ" ಎಂದರು ಬೋರಪ್ಪ. "ಯಾರೂ ಹೊಸಿಲು ದಾಟಂಗಿಲ್ಲ."

"ಅಂಗೇ ಆಗ್ಲಿ ಬೋರಪ್ಪಣ್ಣ" ಎಂದರು ನನ್ನ ಯಜಮಾನರು.

ತ್ರಿವೇಣಿ ನನ್ನ ಕೈ ಹಿಡಿದುಕೊಂಡಳು. ಗುರುವಾರ ಹನ್ನೊಂದು ದಿನದ ಒಳಗೇ ಬರುತ್ತದೆ ಎಂಬ ಲೆಕ್ಕ ಆ ಅಂಗಳದಲ್ಲಿ ನಮ್ಮಿಬ್ಬರಿಗೆ ಮಾತ್ರ ಬೇಕಾಗಿತ್ತು. ನಾನು ಮಾತನ್ನು ಅಳೆದು ಆಡುವವಳು. ಅಳೆಯುವಷ್ಟರಲ್ಲಿ ಸಾಮಾನ್ಯವಾಗಿ ವಿಷಯ ಮುಗಿದಿರುತ್ತದೆ. ಅವತ್ತು ಸ್ವಲ್ಪ ಬೇಗ ಅಳೆದೆ. "ಬೋರಪ್ಪನವರೇ, ಅದು ಈ ಮನೆಯಲ್ಲಿ ಹುಟ್ಟಿ ಬೇರೆ ಮನೆಗೆ ಕೊಟ್ಟ ಹೆಣ್ಣಾಗಿದ್ದರೆ?"

"ಕೊಟ್ಟ ಹೆಣ್ಣಾ? ಅಂಗಾದ್ರೆ ಹುಟ್ಟಿದ್ ಮನೆಗೆ ಮೂರೇ ದಿನ ಕಣಮ್ಮ. ಮೂರ್ನೇ ದಿನ ಹಾಲುತುಪ್ಪ ಬುಟ್ಟು ಸ್ನಾನ ಮಾಡುದ್ರೆ ಮುಗೀತು."

ನನ್ನ ಯಜಮಾನರಿಗೆ ಎರಡೂ ಕಡೆಯನ್ನು ಸಮಾಧಾನ ಮಾಡುವ ದಾರಿ ಕಂಡಿತು. ಮುಖ ಅರಳಿತು. "ಅಂಗಾದ್ರೆ ಗಂಗುಲತ್ತೆ!" ಎಂದುಬಿಟ್ಟರು.

ಗಂಗುಲಮ್ಮ ಮಾವನವರ ಒಬ್ಬಳೇ ತಂಗಿ. ಸೆಟ್ಟೂರಿಗೆ ಕೊಟ್ಟಿತ್ತು. ನಮ್ಮ ಮದುವೆಗೆ ಅವಳನ್ನು ಮನೆಗೆ ಹೋಗಿ ಅರಿಶಿನ ಕುಂಕುಮ ಕೊಟ್ಟು ಕರೆಯದೆ, ಆ ಕಡೆ ಓಡುವ ಜೀಪಿನವನ ಕೈಲಿ ಹೇಳಿ ಕಳಿಸಿದರು. ಅವಳು ಬರಲಿಲ್ಲ. ಬರಲಿಲ್ಲವೆಂದು ಇವರೂ ಹೋಗುವುದನ್ನು ಬಿಟ್ಟರು. ಆಮೇಲೆ ಯಾವಾಗಲೋ, ಕೂಲಿಗೆ ಹೋದ ಕಡೆ ತೀರಿಕೊಂಡಳಂತೆ ಎಂದು ಸಂತೆಯಲ್ಲಿ ಯಾರೋ ಹೇಳಿದ್ದರು. ಹೌದೇ ಎಂದು ಹೋಗಿ ನೋಡಲು ಸೆಟ್ಟೂರಿಗೆ ಒಂದು ಬಸ್ಸು ಸಾಕಿತ್ತು. ಯಾರೂ ಆ ಬಸ್ಸು ಹತ್ತಿರಲಿಲ್ಲ.

ಮಾವನವರು ಮೂಳೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಗೋಳೋ ಎಂದು ಅತ್ತರು. "ಗಂಗೂ! ಇಷ್ಟಾಗೋದ್ಯಾ ತಾಯಿ! ಇಷ್ಟೇ ಉಳ್ಕಂಡ್ಯಾ!" ಅಂಗಳಕ್ಕೆ ಅಂಗಳವೇ ಅತ್ತಿತು. ನನ್ನ ಯಜಮಾನರು ಎಲ್ಲರಿಗಿಂತ ಜೋರಾಗಿ ಅತ್ತರು. ಬದುಕಿದ್ದಾಗ ಆ ಹೆಂಗಸಿನ ಹೆಸರು ಬಂದರೆ ಮಾತು ಬದಲಿಸುತ್ತಿದ್ದ ಮನೆಯಲ್ಲಿ, ಅವಳಿಗೆ ಎಂಥ ಕೂದಲಿತ್ತು, ಎಂಥ ಹಾಡು ಹೇಳುತ್ತಿದ್ದಳು ಎಂಬ ಮಾತು ಕತ್ತಲಾಗುವವರೆಗೂ ನಡೆಯಿತು. ಹೊಸ ಸೀರೆ ಸುತ್ತಿ ಮೂಳೆಯನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಕೆಂಪು ಬಣ್ಣ ಇದ್ದದ್ದರಿಂದ ಬೇರೆ ಕುಂಕುಮ ಹಚ್ಚುವ ಅಗತ್ಯ ಬೀಳಲಿಲ್ಲ.

ಮಂಗಳವಾರ ಹಾಲುತುಪ್ಪ. ಸತ್ತವಳಿಗೆ ಇಷ್ಟವಾದದ್ದೆಂದು ಅತ್ತೆಯವರು ಬದನೆಕಾಯಿ ಎಣ್ಣೆಗಾಯಿ ಮಾಡಿ ಎಲೆಯಲ್ಲಿ ಎಡೆ ಇಟ್ಟರು. ತ್ರಿವೇಣಿ ಮೂಲೆಯಲ್ಲಿ ಕೂತು ಮೂಳೆಯಿಲ್ಲದ ಪುಸ್ತಕ ತಿರುವುತ್ತಿದ್ದಳು. ಸಂಜೆಯ ಬಸ್ಸಿಗೆ ಹೊರಡಲು ನಾನು ಚೀಲ ಕಟ್ಟಿಟ್ಟಿದ್ದೆ.

ಆಗ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಕಡ್ಡಿಯಂಥ ಮೈ, ಬೆಳ್ಳಗಾದ ಕೂದಲು. ಒಳಗೆ ಬರುವಾಗ ಒಂದೊಂದು ಹೆಜ್ಜೆಗೂ ಸೊಂಟ ಒಂದು ಕಡೆಗೆ ಜಾರುತ್ತಿತ್ತು.

"ನನ್ ಹಾಲುತುಪ್ಪ ಅಂತಲ್ಲಣ್ಣ ಇವತ್ತು? ಜೀಪಿನೋನು ಹೇಳ್ದ. ಅದ್ಕೆ ಬಂದೆ. ಈ ಸಲನೂ ಜೀಪಿನೋನ್ ಕೈಲೇ ಹೇಳ್ಸುದ್ರಿ ನೋಡು."

ಅತ್ತೆಯವರು "ದೆಯ್ಯಂ! ದೆಯ್ಯಂ!" ಎಂದು ಕಿರುಚಿ ದೇವರ ಕೋಣೆಗೆ ಓಡಿದರು. ಮಾವನವರ ಕೈಯ ತುಪ್ಪದ ಗಿಂಡಿ ಬಿತ್ತು. ನನ್ನ ಯಜಮಾನರು ದೆವ್ವಕ್ಕೂ ಬೇಸರವಾಗಬಾರದೆಂದು "ಬಾ ಅತ್ತೆ, ಕೂತ್ಕೋ" ಎಂದರು. ತ್ರಿವೇಣಿ ಪುಸ್ತಕದಿಂದ ತಲೆಯೆತ್ತಿ, ಆ ಸೊಂಟವನ್ನೇ ನೋಡುತ್ತ, "ಗ್ಲೂಟಿಯಸ್ ಮೀಡಿಯಸ್" ಎಂದು ಪಿಸುಗುಟ್ಟಿದಳು. ನಡೆಯುವಾಗ ಸೊಂಟ ಜಾರದಂತೆ ಹಿಡಿಯುವ ಸ್ನಾಯುವಂತೆ ಅದು.

"ನೀ ಸತ್ತೋದೆ ಅಂದ್ರಲ್ಲಮ್ಮ!" ಎಂದರು ಮಾವನವರು.

"ಯಾರಂದ್ರು?"

"ಎಲ್ರೂ ಅಂದ್ರು."

"ನೀ ಬಂದ್ ನೋಡ್ದ್ಯಾ?"

"ಕರೀದೆ ಎಂಗಮ್ಮ ಬರ್ಲಿ?"

"ಸತ್ ಮೇಲೂ ನಾನೇ ಬಂದು ಕರೀಬೇಕಾಗಿತ್ತಾ ಅಣ್ಣ?"

ಬೋರಪ್ಪ ಕೆಮ್ಮಿದರು. ಶಾಸ್ತ್ರಕ್ಕೆ ತೊಡಕು ಬಂದಿತ್ತು. "ಗಂಗುಲಮ್ಮ ಬದುಕವ್ಳೆ ಅಂದ್ರೆ ಮಣ್ಣಾಗಿರೋಳು ಬೇರೆ ಯಾರೋ. ಮನೆ ಮಗಳು ಅಂತ ಹೇಳಾಕಾಗಲ್ಲ. ಸೊಸೇನೂ ಆಗಿರಬೋದು. ಮೊದ್ಲಿಂದ ಲೆಕ್ಕ ಹಿಡೀರಿ. ಇವತ್ತಿಂದ ಹನ್ನೊಂದು."

"ಅಂಗೇ ಆಗ್ಲಿ ಬೋರಪ್ಪಣ್ಣ" ಎಂದರು ನನ್ನ ಯಜಮಾನರು.

ತ್ರಿವೇಣಿ ಪುಸ್ತಕವನ್ನು ಗೋಡೆಗೆ ಎಸೆದು ಅಳತೊಡಗಿದಳು. ಗಂಗುಲತ್ತೆ ಎಲ್ಲರನ್ನೂ ಬಿಟ್ಟು ನನ್ನ ಕಡೆ ತಿರುಗಿ, "ಯಾಕಮ್ಮ ಮಗ ಅಳ್ತದೆ?" ಎಂದು ಕೇಳಿದಳು. ಆ ಮನೆಯಲ್ಲಿ ನನ್ನನ್ನು ಕಾರಣ ಕೇಳಿದವರು ಕಡಿಮೆ. ಹೇಳಿದೆ. ಗುರುವಾರದ ಪರೀಕ್ಷೆ, ತಪ್ಪಿದರೆ ಬೆಳುಗುಪ್ಪ, ಕೊಟ್ಟ ಹೆಣ್ಣಾದರೆ ಮೂರು ದಿನ, ಅಲ್ಲದಿದ್ದರೆ ಹನ್ನೊಂದು, ಎಲ್ಲವನ್ನೂ ಹೇಳಿದೆ.

ಅವಳು ಸೆರಗಿನಿಂದ ತ್ರಿವೇಣಿಯ ಕಣ್ಣು ಒರೆಸಿದಳು. "ಅಂಗಾದ್ರೆ ಆ ಮೂಳೆ ನಂದೇ ಅಂತ ಇರ್ಲಿ ಬುಡ್ರೋ" ಎಂದಳು. "ನಾನೇ ಸತ್ತೀವ್ನಿ. ಮಗ ಪರೀಕ್ಷೆಗೆ ಹೋಗ್ಲಿ."

"ಅದೆಂಗಾಯ್ತದಮ್ಮ, ಕಣ್ಮುಂದೆ ಇರೋಳು?" ಎಂದರು ಮಾವನವರು.

"ಇಷ್ಟು ವರ್ಷ ಎಂಗಾಗಿತ್ತೋ ಅಂಗೇ."

ಬೋರಪ್ಪ ಬಹಳ ಯೋಚಿಸಿದರು. ಆಗಬಹುದು ಎಂದರು, ಆದರೆ ಸತ್ತವರು ಬಂದು ಹೋಗಿ ಮಾಡುವಂತಿಲ್ಲ, ಇನ್ನು ಮುಂದೆ ಈ ಹೊಸಿಲು ತುಳಿಯುವಂತಿಲ್ಲ, ಇವತ್ತೂ ಹಿತ್ತಿಲ ಬಾಗಿಲಿಂದ ಹೋಗಬೇಕು. ಮಾವನವರು ಒಪ್ಪಿದರು. ಅವರ ಮುಖದಲ್ಲಿ ದುಃಖವಿತ್ತು. ಮೂರು ದಿನ ಅತ್ತು ಅಭ್ಯಾಸವಾದ ದುಃಖವನ್ನು ಬಿಟ್ಟುಕೊಡಬೇಕಾಗಿಲ್ಲ ಎಂಬ ನೆಮ್ಮದಿಯೂ ಇತ್ತು.

"ಉಂಡ್ಬುಟ್ಟು ಹೋಯ್ತೀನಿ" ಎಂದು ಗಂಗುಲತ್ತೆ ತನಗೆ ಇಟ್ಟಿದ್ದ ಎಡೆಯ ಮುಂದೆ ಕೂತಳು. "ಬದ್ನೇಕಾಯಿ ಯಾರ್ ಮಾಡುದ್ರು? ತಿಂದ್ರೆ ಮೈಯೆಲ್ಲ ಕಡೀತದೆ ನಂಗೆ, ಚಿಕ್ಕೋಳಿಂದ. ಅತ್ಗೆ, ಒಂಚೂರು ಮಜ್ಗೆ ಇದ್ರೆ ಕೊಡು." ದೇವರ ಕೋಣೆಯಿಂದ ಒಂದು ಕೈ ಮಾತ್ರ ಹೊರಗೆ ಬಂದು ಮಜ್ಜಿಗೆಯ ಚೊಂಬನ್ನು ಇಟ್ಟು ಒಳಗೆ ಹೋಯಿತು.

ಊಟವಾದ ಮೇಲೆ ಹಿತ್ತಿಲಲ್ಲಿ ಬಸ್ಸಿನ ಹೊತ್ತಿಗೆ ಕಾಯುತ್ತಿದ್ದಾಗ, ಆ ಮೂಳೆಯಲ್ಲಿ ಓದುವುದೇನಿತ್ತು ಎಂದು ಅವಳು ತ್ರಿವೇಣಿಯನ್ನು ಕೇಳಿದಳು. ಮಗು ಹೇಳಿತು. ಗಂಗುಲತ್ತೆ ಸೆರಗು ಸರಿಸಿ ಗೋಡೆ ಹಿಡಿದು ನಿಂತಳು. "ಹೂತಾಕಿರೋದೇ ಬೇಕಾ? ಇಲ್ಲೂ ಐತೆ. ಒತ್ತಿ ನೋಡು. ಮಾಂಸ ಅಡ್ಡ ಬರಲ್ಲ."

ಅಡ್ಡ ಬರಲಿಲ್ಲ. ಸೊಂಟದ ಮೇಲಂಚು, ಮುಂದಿನ ಚೂಪು ಮೊನೆ, ಕೂತರೆ ನೆಲಕ್ಕೆ ಒತ್ತುವ ಕೆಳಗಿನ ಗಂಟು, ತೊಡೆಯ ಪಕ್ಕದ ಉಬ್ಬು. ಪುಸ್ತಕದ ಚಿತ್ರದಲ್ಲೂ ಅಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ತ್ರಿವೇಣಿ ಒಂದೊಂದನ್ನೂ ಮುಟ್ಟಿ ಹೆಸರು ಹೇಳುತ್ತ, ಅಲ್ಲಿ ಹುಟ್ಟುವ ಸ್ನಾಯು ಯಾವುದು, ಎಲ್ಲಿ ಹೋಗಿ ಸೇರುತ್ತದೆ ಎಂದು ಒಪ್ಪಿಸಿದಳು. ಒಂದು ಕಾಲ ಮೇಲೆ ನಿಲ್ಲಲು ಹೇಳಿದಾಗ ಗಂಗುಲತ್ತೆಯ ಇನ್ನೊಂದು ಕಡೆಯ ಸೊಂಟ ಕುಸಿಯಿತು. ಯಾವಾಗಿಂದ ಹೀಗೆ ಎಂದು ತ್ರಿವೇಣಿ ಕೇಳಿದಳು. ಕಲ್ಲು ಹೊರುವಾಗ ಬಿದ್ದಾಗಿಂದ, ಎಂದಳು. "ಆವಾಗ್ಲೇ ಕಣಮ್ಮ, ಸತ್ತೋದೆ ಅಂತ ಇಲ್ಲಿಗೆ ಸುದ್ದಿ ಬಂದಿದ್ದು. ಆಸ್ಪತ್ರೇಲಿ ಮಲ್ಗಿದ್ದೆ. ಯಾರಾದ್ರೂ ಬತ್ತಾರೆ ಅಂತ ಬಾಗ್ಲು ನೋಡ್ಕಂಡು."

ನನ್ನ ಯಜಮಾನರು ಬಾವಿಯ ಕಡೆ ಹೋಗಿ ಕೈಕಾಲು ತೊಳೆದರು. ಅವು ಆಗಲೇ ತೊಳೆದಿದ್ದವು.

ಗುರುವಾರ ಪರೀಕ್ಷಕಿ ಟ್ರೇಯಲ್ಲಿದ್ದ ಸೊಂಟದ ಮೂಳೆಯನ್ನು ತ್ರಿವೇಣಿಯ ಕೈಗೆ ಕೊಟ್ಟು, ಗ್ಲೂಟಿಯಸ್ ಮೀಡಿಯಸ್ ಎಲ್ಲಿ ಹುಟ್ಟುತ್ತದೆ, ಅದು ಕೈಕೊಟ್ಟರೆ ಮನುಷ್ಯ ಹೇಗೆ ನಡೆಯುತ್ತಾನೆ ಎಂದು ಕೇಳಿದರಂತೆ. ಇವಳು ಜಾಗ ತೋರಿಸಿ, ಮೂಳೆಯನ್ನು ಮೇಜಿನ ಮೇಲಿಟ್ಟು, ಆ ಕೋಣೆಯ ಉದ್ದಕ್ಕೂ ಗಂಗುಲತ್ತೆಯ ಹಾಗೆ ನಡೆದು ತೋರಿಸಿದಳಂತೆ. ಆ ಬ್ಯಾಚಿಗೆ ಅವಳದೇ ಹೆಚ್ಚು ಅಂಕ.

ಫಲಿತಾಂಶ ಬಂದ ದಿನ ನನ್ನ ಯಜಮಾನರು ಮೈಸೂರುಪಾಕಿನ ಡಬ್ಬಗಳನ್ನು ತಂದರು. ವೆಂಕಟರಾಯಪ್ಪನವರ ಮನೆಗೆ, ಕಲ್ಯಾಣದುರ್ಗದ ಮನೆಗೆ, ಬೋರಪ್ಪನವರಿಗೆ, ಬೆಳುಗುಪ್ಪದವರಿಗೂ ಒಂದು, ಯಾರಿಗೂ ಬೇಸರವಾಗಬಾರದು. ನಾನು ಒಂದು ಡಬ್ಬ ಎತ್ತಿಟ್ಟುಕೊಂಡು ಅತ್ತೆಯವರಿಗೆ ಫೋನ್ ಮಾಡಿದೆ. ಸೆಟ್ಟೂರಿಗೆ ಹೋಗಿ ಗಂಗುಲತ್ತೆಗೆ ಕೊಟ್ಟು ಬರುತ್ತೇವೆ ಎಂದೆ.

"ಓದಿರೋಳು ನೀನು, ಅಷ್ಟೂ ತಿಳೀಬೇಡ್ವೇನಮ್ಮ?" ಎಂದರು ಅತ್ತೆಯವರು. "ಸಾವಾಗಿರೋ ಮನೆಗೆ, ವರ್ಷ ತುಂಬೋಕ್ ಮುಂಚೆ ಯಾರಾದ್ರೂ ಸಿಹಿ ತಗೊಂಡೋಯ್ತಾರಾ?"

ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ನನ್ನ ಯಜಮಾನರು, ಹೌದೆಂದು ತಲೆಯಾಡಿಸಿದರು.